ಕಾಣದ ಟ್ರಫಲ್ಲಿನ ಕಳವು

ಸಟನ್‌ನ ವಾಸು ತನ್ನ ಹೊಲದಿಂದ ಟ್ರಫಲ್ ಕಳವಾಗಿದೆಯೆಂದು ಪೊಲೀಸರಿಗೆ ದೂರು ಕೊಟ್ಟ ದಿನದವರೆಗೆ, ಆ ಹೊಲದ ಟ್ರಫಲ್ಲನ್ನು ಅವನಾಗಲಿ, ಅವನ ಹೆಂಡತಿಯಾಗಲಿ, ಬೇರೆ ಯಾವ ಮನುಷ್ಯರಾಗಲಿ ಒಮ್ಮೆಯೂ ಕಂಡಿರಲಿಲ್ಲ. ದೂರಿನಲ್ಲಿ ಆರೋಪಿಯ ಹೆಸರು, ವಿಳಾಸ, ಆತ ಸಾಕಿದ ಹಂದಿಗಳ ಬಣ್ಣ ಎಲ್ಲವೂ ಸರಿಯಾಗಿದ್ದವು. ಕಳುವಾದ ವಸ್ತುವನ್ನು ವಿವರಿಸಿ ಎಂದಾಗ ಮಾತ್ರ ಸ್ವಲ್ಪ ತೊಡಕಾಯಿತು.

ಟ್ರಫಲ್ ಎಂಬುದು ಅಣಬೆಯ ಜಾತಿಯದು. ಉಳಿದ ಅಣಬೆಗಳಂತೆ ನೆಲದ ಮೇಲೆ ಕೊಡೆ ಬಿಚ್ಚುವುದಿಲ್ಲ. ಮರದ ಬೇರಿಗೆ ಅಂಟಿಕೊಂಡು ಮಣ್ಣಿನೊಳಗೇ ಕರಿ ಆಲೂಗಡ್ಡೆಯಂತೆ ಗಂಟುಗಟ್ಟುತ್ತದೆ. ಅದಕ್ಕೆ ಸುಣ್ಣದ ನೆಲ ಬೇಕು. ಲಂಡನ್ನಿನ ದಕ್ಷಿಣದ ಅಂಚಿನಲ್ಲಿ, ಸಟನ್‌ನ ಮನೆಗಳ ಸಾಲು ಮುಗಿದ ಮೇಲೆ, ಗುದ್ದಲಿ ಹಾಕಿದಲ್ಲೆಲ್ಲ ಬಿಳಿ ಸುಣ್ಣಕಲ್ಲು ಸಿಗುತ್ತದೆ. ಬೆಳೆ ಎಲ್ಲಿದೆಯೆಂದು ಮನುಷ್ಯರಿಗೆ ತಿಳಿಯುವುದಿಲ್ಲ. ಪಳಗಿಸಿದ ನಾಯಿ ಮೂಸಿ ಹೇಳಬೇಕು. ಇಷ್ಟೆಲ್ಲ ತಾಳ್ಮೆ ಬೇಡುವ ಬೆಳೆಯನ್ನು ವಾಸುವಿನಂಥವನು ಏಕೆ ಕೈಗೆತ್ತಿಕೊಂಡ ಎಂಬುದಕ್ಕೆ ಉತ್ತರ ಒಂದೇ: ಬದನೆಕಾಯಿ.

ಎಂಟು ವರ್ಷದ ಹಿಂದೆ, ಕನ್ನಡ ಸಂಘದ ಯುಗಾದಿ ಊಟದಲ್ಲಿ, ಸಂಘದ ಅಧ್ಯಕ್ಷ ಸಿದ್ದಲಿಂಗಪ್ಪ ತಾವು ಅಕ್ಸ್‌ಬ್ರಿಡ್ಜ್‌ನ ಕೈತೋಟದಲ್ಲಿ ಬೆಳೆದ ಬದನೆಕಾಯಿಯ ಫೋಟೋವನ್ನು ಪರದೆಯ ಮೇಲೆ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಒಬ್ಬರು ಶಿಳ್ಳೆಯನ್ನೂ ಹೊಡೆದರು. ಒಂದು ಬದನೆಕಾಯಿಗೆ ಶಿಳ್ಳೆ ಹೊಡೆಯುವುದನ್ನು ವಾಸು ಸಹಿಸಲಾರದೆ ಎದ್ದು ನಿಂತು, "ನಾನು ಟ್ರಫಲ್ ಬೆಳೀತಾ ಇದ್ದೀನಿ" ಎಂದ. ಆ ಪದವನ್ನು ಅವನು ಹಿಂದಿನ ದಿನ ರೈಲಿನಲ್ಲಿ ಪಕ್ಕದವನ ಪತ್ರಿಕೆಯಲ್ಲಿ ಓದಿದ್ದ. ಹೇಳಿಯಾದ ಮೇಲೆ ಬೆಳೆಯದೆ ವಿಧಿಯಿರಲಿಲ್ಲ. ಮಿಸೆಸ್ ಆಶ್‌ಡೌನ್ ಎಂಬ ವೃದ್ಧೆಯಿಂದ ಒಂದೆಕರೆ ಹೊಲವನ್ನು ಎಂಟು ವರ್ಷದ ಲೀಸಿಗೆ ಹಿಡಿದ. ಬೇರಿಗೆ ಆ ಅಣಬೆಯ ಬೀಜಾಣು ಹತ್ತಿಸಿದ ಅರವತ್ತು ಹೇಜಲ್ ಸಸಿಗಳನ್ನು ನರ್ಸರಿಯಿಂದ ತಂದು ನೆಟ್ಟ.

ಅಂದಿನಿಂದ ಸಂಘದಲ್ಲಿ ಅವನಿಗೆ 'ಟ್ರಫಲ್ ವಾಸು' ಎಂದೇ ಹೆಸರು. ಪ್ರತಿ ದೀಪಾವಳಿಗೆ, ಪ್ರತಿ ರಾಜ್ಯೋತ್ಸವಕ್ಕೆ ಯಾರಾದರೂ ಒಬ್ಬರು ಹೋಳಿಗೆ ಮುರಿಯುತ್ತ, "ಬಂತಾ ವಾಸು?" ಎಂದು ಕೇಳುವರು. ಏನು ಬಂತಾ ಎಂದು ಹೇಳುವ ಅಗತ್ಯವೂ ಇರಲಿಲ್ಲ. ಸಾಮಾನ್ಯವಾಗಿ ಜನರಿಗೆ ಕಾರಣ ಸಿಕ್ಕ ಮೇಲೆ ಕೋಪ ಬರುತ್ತದೆ. ವಾಸುವಿನಲ್ಲಿ ಕೋಪ ಮೊದಲೇ ಸಿದ್ಧವಿರುತ್ತಿತ್ತು. ಜನ ಬಂದು ಕಾರಣ ಕೊಟ್ಟು ಹೋಗುತ್ತಿದ್ದರು.

ಈ ವರ್ಷ ಸೆಪ್ಟೆಂಬರ್ ಕೊನೆಗೆ ಲೀಸ್ ಮುಗಿಯುವುದಿತ್ತು. ಆಗಸ್ಟಿನಲ್ಲೇ ಮಿಸೆಸ್ ಆಶ್‌ಡೌನ್ ರಬ್ಬರ್ ಬೂಟು ಹಾಕಿಕೊಂಡು ಹೊಲಕ್ಕೆ ಬಂದರು.

"ಮಿಸ್ಟರ್ ವಾಸು, ಎಂಟು ವರ್ಷದಿಂದ ನಾನು ಎಲೆ ನೋಡುತ್ತಿದ್ದೇನೆ. ಎಲೆ ಚೆನ್ನಾಗಿದೆ. ಆದರೆ ಕುದುರೆ ಕಟ್ಟುವುದಕ್ಕೆ ಈ ಹೊಲ ಬೇಕು ಅಂತ ಒಬ್ಬರು ಕೇಳುತ್ತಿದ್ದಾರೆ."

"ಕುದುರೆಗಾ? ನನ್ನ ಮರ?"

"ಮರ ಕಡಿಸುತ್ತೇನೆ. ಅದರ ಚಿಂತೆ ಬೇಡ."

ವಾಸುವಿನ ಮುಖದ ಬಣ್ಣ ಬದಲಾದದ್ದನ್ನು ಕಂಡು ಅವರು ಸ್ವಲ್ಪ ಸಡಿಲಿಸಿದರು. ಸೆಪ್ಟೆಂಬರಿನ ಕೊನೆಯ ಶನಿವಾರ ತಾವೇ ಬರುವುದಾಗಿಯೂ, ಒಂದೇ ಒಂದು ಟ್ರಫಲ್ಲನ್ನು ಕಣ್ಣೆದುರು ತೋರಿಸಿದರೆ ಲೀಸ್ ಮುಂದುವರಿಸುವುದಾಗಿಯೂ, ಇಲ್ಲವಾದರೆ ಕುದುರೆ ಎಂದೂ ಹೇಳಿ ಹೋದರು.

ವಾಸು ಹೆದರಲಿಲ್ಲ. ಅವನಿಗೊಂದು ಗುಟ್ಟು ಗೊತ್ತಿತ್ತು. ಬೇರಿನಲ್ಲಿ ಟ್ರಫಲ್ ಬಲಿಯುತ್ತಿದ್ದರೆ ಮರದ ಸುತ್ತ ಹುಲ್ಲು ಸಾಯುತ್ತದೆ. ಬೆಂಕಿಯಿಟ್ಟಂತೆ ಬೋಳು ವೃತ್ತವೊಂದು ಮೂಡುತ್ತದೆ. ಆ ಬೇಸಿಗೆಯಲ್ಲಿ ಮೊದಲ ಬಾರಿಗೆ ಅವನ ಮರಗಳ ಬುಡದಲ್ಲಿ ಅಂಥ ವೃತ್ತಗಳು ಕಾಣಿಸಿಕೊಂಡಿದ್ದವು. ಕಳ್ಳರಿಗೆ ತಿಳಿದೀತೆಂದು ಅವನು ಈ ಸಂತೋಷದ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ. ಮನೆಯವರಿಗೂ ಹೇಳಲಿಲ್ಲ. ಅಲ್ಲಿಂದ ಕೇಡು ಶುರುವಾಯಿತು.

ಮನೆಯಲ್ಲಿ ಆಗ ಅತ್ತೆ ವೇದವತಮ್ಮ ಇದ್ದರು. ಮಗಳು ಚಂದ್ರಿಕಾಳ ಜೊತೆ ಇರಲು ಮೈಸೂರಿನಿಂದ ಆರು ತಿಂಗಳ ವೀಸಾದಲ್ಲಿ ಬಂದವರು. ಅವರ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ನೇರವಾಗಿ ಮಾತಾಡುವ ಪದ್ಧತಿಯಿಲ್ಲ. ಹೇಳುವುದಿದ್ದರೆ ಮಗಳ ಮೂಲಕ ಹೇಳಬೇಕು. ಮಗಳಿಲ್ಲದಿದ್ದರೆ ಮೊಮ್ಮಗಳ ಮೂಲಕ. ಯಾರೂ ಇಲ್ಲದಿದ್ದರೆ ಗೋಡೆಗೆ ಹೇಳಿ ಸುಮ್ಮನಾಗಬೇಕು. ಅಳಿಯನೂ ಅಷ್ಟೇ, ಅದೇ ಕೋಣೆಯಲ್ಲಿ ಕೂತಿದ್ದರೂ ಅತ್ತೆಯ ಮಾತು ಕೇಳಿಸಲಿಲ್ಲವೆಂಬಂತೆ ಇರಬೇಕು. ತಲುಪಿಸುವವರು ತಲುಪಿಸಿದ ಮೇಲೆ ಕೇಳಿಸಿಕೊಳ್ಳಬೇಕು. ಮದುವೆಯಾಗಿ ಇಪ್ಪತ್ತೆರಡು ವರ್ಷ ಈ ಏರ್ಪಾಡು ಒಂದು ತಕರಾರೂ ಇಲ್ಲದೆ ನಡೆದಿತ್ತು. ಇದನ್ನು ಗೌರವ ಎನ್ನುತ್ತಿದ್ದರು.

ಒಂದು ಭಾನುವಾರ ಚಂದ್ರಿಕಾ ತಾಯಿಯನ್ನು ಹೊಲಕ್ಕೆ ಕರೆದೊಯ್ದಳು. ವೇದವತಮ್ಮ ಬೋಳು ನೆಲವನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ ಚಂದ್ರಿ, ಗಿಡಕ್ಕೆ ರೋಗ ಬಂದಿದೆ ಕಣೇ. ಹುಲ್ಲೇ ಸುಟ್ಟುಹೋಗಿದೆ! ಅಳಿಯಂದಿರು ನೋಡಿಲ್ವಾ?"

"ನೋಡಿರ್ತಾರೆ ಅಮ್ಮ. ಲೀಸಿನ ಯೋಚನೆಯಲ್ಲಿ ಯಾರ ಹತ್ರಾನೂ ಹೇಳಿಲ್ಲ ಅನ್ಸುತ್ತೆ."

"ಇದಕ್ಕೆ ಯೋಚನೆ ಯಾಕೆ? ಹುಳಿ ಮಜ್ಜಿಗೆಗೆ ಇಂಗು ಕದಡಿ ಬುಡಕ್ಕೆ ಹಾಕಿದ್ರೆ ಹದಿನೈದು ದಿನಕ್ಕೆ ಚಿಗುರುತ್ತೆ. ನಮ್ಮ ಕರಿಬೇವು ಸತ್ತೇಹೋಯ್ತು ಅಂದಿದ್ರಲ್ಲ ಎಲ್ಲಾರೂ, ಈಗ ನೋಡು, ಮಹಡಿ ಮುಟ್ಟಿದೆ."

ಒಂದು ಕರಿಬೇವಿನ ಗಿಡಕ್ಕೆ ಒಂದು ಲೋಟ ಸಾಕು. ಅರವತ್ತು ಹೇಜಲ್ ಮರಗಳಿಗೆ ಎಷ್ಟು ಎಂಬ ಲೆಕ್ಕವನ್ನು ತಾಯಿ ಮಗಳು ಸೌತ್‌ಹಾಲ್‌ನ ಬ್ರಾಡ್‌ವೇಯಲ್ಲಿ ನಿಂತು ಹಾಕಿದರು. ಅಂಗಡಿಯವನು ಇಂಗಿನ ಡಬ್ಬಿಗಳನ್ನು ಚೀಲಕ್ಕೆ ತುಂಬಿಸುತ್ತ, "ಹೋಟೆಲ್ ತೆಗೆದಿದ್ದೀರಾ?" ಎಂದು ವಿಚಾರಿಸಿದನಂತೆ. ಮೊಸರನ್ನು ಬಕೆಟ್ಟಿನಲ್ಲಿ ಕೊಂಡರು. ಅದು ಹುಳಿಯಾಗಲು ನಾಲ್ಕು ದಿನ ಗ್ಯಾರೇಜಿನಲ್ಲಿತ್ತು. ವಾಸು ಆಫೀಸಿಗೆ ಹೋದ ಗುರುವಾರ, ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ರಜೆ ಹಾಕಿ ಚಂದ್ರಿಕಾ ಕಾರು ಓಡಿಸಿದಳು; ವೇದವತಮ್ಮ ಸೆರಗು ಸಿಕ್ಕಿಸಿಕೊಂಡು ಒಂದು ಮರವನ್ನೂ ಬಿಡದೆ ಔಷಧ ಹಾಕಿದರು.

ಅಳಿಯನಿಗೆ ಹೇಳದೆ ಮಾಡುವ ಉದ್ದೇಶ ಅವರಿಗಿರಲಿಲ್ಲ. ಅಂದೇ ಸಂಜೆ ಊಟದ ಮೇಜಿನಲ್ಲಿ, ವಾಸುವಿನಿಂದ ಎರಡು ಮೊಳ ದೂರದಲ್ಲಿ ನಿಂತು, ಮೊಮ್ಮಗಳು ಪ್ರತೀಕ್ಷಾಳಿಗೆ ಹೇಳಿದರು: "ಪುಟ್ಟಿ, ಅಪ್ಪಂಗೆ ಹೇಳು, ಗಿಡಗಳಿಗೆಲ್ಲ ಮಜ್ಜಿಗೆ ಹಾಕಿದ್ದೀನಿ ಅಂತ."

ಪ್ರತೀಕ್ಷಾ ಕಿವಿಯಿಂದ ಒಂದು ಇಯರ್‌ಫೋನ್ ತೆಗೆದಳು. "ಡ್ಯಾಡ್, ಅಜ್ಜಿ ಡಿಡ್ ಸಮ್‌ಥಿಂಗ್ ವಿತ್ ಯೋಗರ್ಟ್."

"ಫ್ರಿಜ್ಜಿನಲ್ಲಿಡೋಕೆ ಹೇಳು," ಎಂದ ವಾಸು.

ನಾಯಿ ಬಂದದ್ದು ಅದರ ಮರುದಿನ.

ನಾಯಿಯ ಹೆಸರು ಬಿಸ್ಕೆಟ್. ಒಡತಿಯ ಹೆಸರು ಕ್ಯಾರೊಲಿನ್. ಟ್ರಫಲ್ ಹುಡುಕಿಕೊಡುವುದೇ ಆಕೆಯ ಉದ್ಯೋಗ. ಬಿಸ್ಕೆಟ್ ಇನ್ನೂ ಎಳೆಯದು, ಮನೆಯೊಳಗೆ ಟ್ರಫಲ್ ಎಣ್ಣೆಯ ವಾಸನೆಯಲ್ಲಿ ತರಬೇತಾಗಿದೆ, ಹೊಲದಲ್ಲಿ ಇದು ಅದರ ಮೊದಲ ಋತು ಎಂದು ಆಕೆ ಮೊದಲೇ ಸ್ಪಷ್ಟವಾಗಿ ಹೇಳಿದಳು. ವಾಸು ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನು ಬುಟ್ಟಿ ತರುವ ಸಂಭ್ರಮದಲ್ಲಿದ್ದ.

ಬಿಸ್ಕೆಟ್ ಮೊದಲ ಮರದ ಬುಡಕ್ಕೆ ಹೋಯಿತು. ಮೂಸಿತು. ಒಮ್ಮೆ ಸೀನಿತು. ಮುಂಗಾಲಿನಿಂದ ಕೆರೆದು ಕೂತಿತು. 'ಇಲ್ಲಿದೆ' ಎಂದು ಅದರ ಅರ್ಥ. ಎರಡನೆಯ ಮರದಲ್ಲೂ ಕೂತಿತು. ಮೂರರಲ್ಲೂ ಕೂತಿತು. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ವಾಸು ಸಿದ್ದಲಿಂಗಪ್ಪನವರಿಗೆ ಫೋನು ಮಾಡಿಯಾಗಿತ್ತು.

"ಸಿದ್ದಲಿಂಗಪ್ಪನೋರೇ, ರಾಜ್ಯೋತ್ಸವದ ಅಡುಗೆಯವರಿಗೆ ಹೇಳಿಬಿಡಿ. ಈ ಸಲ ಚಿತ್ರಾನ್ನದ ಮೇಲೆ ಟ್ರಫಲ್."

"ಬಂತೇನ್ರೀ?"

"ಬಂತೇನ್ರೀ ಅಂತ ಇನ್ನು ಯಾರೂ ನನ್ನ ಕೇಳಬಾರದು!"

ಅರವತ್ತು ಮರಗಳಲ್ಲಿ ಅರವತ್ತು ಕಡೆಯೂ ಬಿಸ್ಕೆಟ್ ಕೂತಿತು. ತನ್ನ ವೃತ್ತಿಯಲ್ಲಿ ಇಂಥದ್ದನ್ನು ಕ್ಯಾರೊಲಿನ್ ಕಂಡಿರಲಿಲ್ಲ. ಸಣ್ಣ ಕರಣೆಯಿಂದ ಮೊದಲ ಮರದಡಿ ಮಣ್ಣು ಸರಿಸಿದಳು. ಏನೂ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ವಾಸು ಮಂಡಿಯೂರಿ ಮಣ್ಣನ್ನು ಮೂಗಿಗೆ ಹಿಡಿದ. ಗಾಢವಾದ, ಬೆಳ್ಳುಳ್ಳಿಯಂಥ ವಾಸನೆ. ಪುಸ್ತಕಗಳಲ್ಲಿ ಹೇಳಿದ್ದೂ ಅದನ್ನೇ. ಇದನ್ನು ತಾನು ಮೊದಲೇ ಎಲ್ಲೋ ಬಲ್ಲೆ ಎಂದು ಅವನಿಗೆ ಅನಿಸದಿರಲಿಲ್ಲ. ಆದರೆ ಮೂರು ಹೊತ್ತೂ ಇಂಗಿನ ಒಗ್ಗರಣೆಯ ನಡುವೆ ಬದುಕುವವನಿಗೆ ಇಂಗಿನ ವಾಸನೆ ಬರುವುದಿಲ್ಲ, ಮೀನುಗಾರನಿಗೆ ಮೀನಿನದು ಬಾರದ ಹಾಗೆ.

"ವಾಸನೆ ಇದೆ, ವಸ್ತು ಇಲ್ಲ," ಎಂದಳು ಕ್ಯಾರೊಲಿನ್. "ಒಂದೋ ಯಾರೋ ತೆಗೆದಿದ್ದಾರೆ. ಇಲ್ಲವೇ..."

'ಇಲ್ಲವೇ' ಎಂಬಲ್ಲಿಗೆ ವಾಸು ಬೇಲಿಯತ್ತ ಹೊರಟಿದ್ದ.

ಬೇಲಿಯ ಆಚೆಯ ಹೊಲವೂ ಮಿಸೆಸ್ ಆಶ್‌ಡೌನ್ ಅವರದೇ. ಅದನ್ನು ಹಿಡಿದಿದ್ದವರು ಡೊನಾಲ್ಡ್ ಮಥಾಯಸ್. ಉಡುಪಿ ಕಡೆಯ ಶಿರ್ವದವರು, ಸಟನ್‌ನ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಹೆಂಡತಿ ಬೆಲ್ಲಾ ಜೊತೆ ಅಲ್ಲಿ ಹರಿವೆ, ಬಸಳೆ ಬೆಳೆಯುತ್ತ, ಎರಡು ಹಂದಿಗಳನ್ನು ಸಾಕಿಕೊಂಡಿದ್ದರು. ಎಂಟು ವರ್ಷದಿಂದ ವಾಸುವಿಗೂ ಅವರಿಗೂ ಬಸಳೆಯ ಕಟ್ಟು, ಕೊತ್ತಂಬರಿಯ ಕಟ್ಟು ಕೊಟ್ಟು ತರುವ ಬಳಕೆಯಿತ್ತು. ಅವರು ಅಂದು ಬಸಳೆ ಚಪ್ಪರಕ್ಕೆ ಹಗ್ಗ ಬಿಗಿಯುತ್ತಿದ್ದರು.

"ಡೊನಾಲ್ಡ್ ಅವರೇ, ಎಲ್ಲಿಟ್ಟಿದ್ದೀರಿ?"

"ಎಂತದು?"

"ನಾಟಕ ಬೇಡ. ಅರವತ್ತು ಮರ! ಒಂದನ್ನೂ ಬಿಟ್ಟಿಲ್ಲ ನೀವು!"

"ನಿಮಗೆ ಮಂಡೆ ಸರಿ ಉಂಟಾ ಮಾರಾಯ್ರೇ? ನಿಮ್ಮ ಮರ ಎಲ್ಲ ಅಲ್ಲೇ ನಿಂತಿವೆ, ನೋಡಿ."

"ಮರ ಅಲ್ರೀ, ಟ್ರಫಲ್! ಹಂದಿ ಯಾಕೆ ಸಾಕಿದ್ದೀರಿ ಅಂತ ನಂಗೆ ಈಗ ಗೊತ್ತಾಯ್ತು. ಫ್ರಾನ್ಸಿನಲ್ಲಿ ಟ್ರಫಲ್ ಹುಡುಕೋಕೆ ಹಂದೀನೇ ಬಿಡ್ತಿದ್ರು!"

ಡೊನಾಲ್ಡ್ ಹಗ್ಗ ಕೆಳಗೆ ಹಾಕಿದರು. "ಹಂದಿ ಸಾಕಿದ್ದು ಕ್ರಿಸ್‌ಮಸ್‌ಗೆ. ಬೆಲ್ಲಾ, ಬಾ ಇಲ್ಲಿ. ನಾನು ಕಳ್ಳ ಅಂತೆ, ಕೇಳು. ಮೂವತ್ತು ವರ್ಷ ರೋಗಿಗಳ ಉಂಗುರ, ವಾಚು ಜೋಪಾನ ಮಾಡಿದವ ಇವರ ಅಣಬೆ ಕದ್ದೆ ಅಂತೆ!"

ಬೆಲ್ಲಾ ಕೈಯಲ್ಲಿ ಹಂದಿಗೆ ಹಾಕುವ ಮುಸುರೆಯ ಬಕೆಟ್ಟು ಹಿಡಿದೇ ಬಂದರು. "ನಮ್ಮ ಬಸಳೆ ತಿಂದ ಬಾಯಿ ಅದು! ಡಾನಿ, ನಾಳೆಯಿಂದ ಒಂದು ಎಲೆ ಕೊಡಬೇಡಿ."

"ನಿಮ್ಮ ಬಸಳೆ ಬೇಡ! ನನ್ನ ಟ್ರಫಲ್ ಕೊಡಿ!"

ಬಕೆಟ್ಟು ಬೇಲಿಯ ಮಟ್ಟಕ್ಕೆ ಏರಿತು. ಕ್ಯಾರೊಲಿನ್ ಬಿಸ್ಕೆಟ್ಟನ್ನು ಎತ್ತಿಕೊಂಡು ಕಾರಿನೊಳಗೆ ಕೂತು ಗಾಜು ಏರಿಸಿದಳು.

ಪೊಲೀಸ್ ದೂರು ಆಗ ಆದದ್ದು. ಸೈಕಲ್ಲಿನಲ್ಲಿ ಬಂದ ಬೀಟಿನ ಯುವ ಅಧಿಕಾರಿ ಬಹಳ ಸಭ್ಯನಾಗಿದ್ದ.

"ಕಳುವಾದ ವಸ್ತು ಹೇಗಿತ್ತು ಸರ್?"

"ಕಪ್ಪಗೆ. ಇರಬೇಕು."

"ಇರಬೇಕು?"

"ಹಣ್ಣಾಗಿದ್ದರೆ ಕಪ್ಪು. ಇಲ್ಲದಿದ್ದರೆ ಕಂದು."

"ಎಷ್ಟು ದೊಡ್ಡದು?"

"ಅದು ನಾನು ಹೇಗೆ ಹೇಳಲಿ?"

"ಕೊನೆಯ ಬಾರಿ ಯಾವಾಗ ನೋಡಿದಿರಿ?"

"ನೋಡೇ ಇಲ್ಲ! ಮಣ್ಣಿನೊಳಗಿರುತ್ತೆ! ಕಾಣೋ ಹಾಗಿದ್ದರೆ ನಾಯಿ ಯಾಕೆ ತರಿಸ್ತಿದ್ದೆ?"

ಅಧಿಕಾರಿ ಪೆನ್ನನ್ನು ನಿಲ್ಲಿಸಿದ. ನೋಡಿರದ, ಅಳತೆ ಗೊತ್ತಿಲ್ಲದ, ಇತ್ತೆಂಬುದಕ್ಕೆ ನಾಯಿಯೊಂದೇ ಸಾಕ್ಷಿಯಾದ ವಸ್ತುವಿನ ಕಳವನ್ನು ದಾಖಲಿಸುವ ಬಗ್ಗೆ ಮೇಲಿನವರನ್ನು ಕೇಳಿ ತಿಳಿಸುವುದಾಗಿ ಹೇಳಿದ. ಹೋಗುವ ಮುನ್ನ ಡೊನಾಲ್ಡ್ ಅವರ ಹಂದಿಗಳನ್ನು ನೋಡಿ, ಒಂದರ ಬೆನ್ನು ತುರಿಸಿದ. ಇದು ಪಕ್ಷಪಾತ ಎಂದು ವಾಸು ರಸ್ತೆಯಲ್ಲೇ ಕೂಗಿದ.

ಸುದ್ದಿ ಸಂಘಕ್ಕೆ ತಲುಪಿತು. ಸಿದ್ದಲಿಂಗಪ್ಪ ಬುಧವಾರ ಸಂಜೆ ಅಕ್ಸ್‌ಬ್ರಿಡ್ಜ್‌ನಿಂದ ಕಾರು ಮಾಡಿಕೊಂಡು, ದಾರಿಯಲ್ಲಿ ಡೊನಾಲ್ಡ್ ದಂಪತಿಯನ್ನು ಹೇಗೋ ಒಪ್ಪಿಸಿ ಕೂರಿಸಿಕೊಂಡು ವಾಸುವಿನ ಮನೆಗೆ ಬಂದರು. ರಾಜಿ ಮಾಡಿಸುವುದರಲ್ಲಿ ಅವರಿಗೆ ಹೆಸರಿತ್ತು. ಎರಡು ಬಣವಾಗಿದ್ದ ಸಂಘವನ್ನು ಒಮ್ಮೆ ಅವರು ರಾಜಿ ಮಾಡಿಸಿ ಮೂರು ಬಣ ಮಾಡಿದ್ದರು.

"ಕುಂಡರ್ರಿ, ಎಲ್ಲಾರೂ ಕುಂಡರ್ರಿ. ಮೊದ್ಲ ಉಪ್ಪಿಟ್ಟು ತಿನ್ರಿ. ಹಸಿದ ಹೊಟ್ಟಿಗೆ ಸಿಟ್ಟು ಭಾಳ ಬರ್ತದ."

"ನಂಗೆ ಹೊಟ್ಟೆ ತುಂಬಿದ್ರೂ ಬರುತ್ತೆ," ಎಂದ ವಾಸು.

"ಅದ ಕಾಣಾಕತ್ತದ ಬಿಡ್ರಿ. ಈಗ ಹೇಳ್ರಿ, ಕದ್ದಾರು ಅನ್ನಾಕ ನಿಮ್ಮ ಹತ್ರ ಏನೈತಿ?"

"ಅರವತ್ತು ಮರ, ಅರವತ್ತು ಕಡೆ ನಾಯಿ ಕೂತಿದೆ. ನಾಯಿಗೇನು ಡೊನಾಲ್ಡ್ ಮೇಲೆ ದ್ವೇಷವಾ?"

"ನಾಯಿಗೆ ಕಾಲು ನೋವಿರಬಹುದು," ಎಂದರು ಬೆಲ್ಲಾ.

ಆಗ ಅಡುಗೆಮನೆಯ ಬಾಗಿಲ ಮರೆಯಿಂದ ವೇದವತಮ್ಮನ ಧ್ವನಿ ಬಂತು. "ಚಂದ್ರಿ, ಅಳಿಯಂದಿರಿಗೆ ಹೇಳು. ನಾಯಿ ಕೂತಿದ್ದು ಇಂಗಿಗೆ."

ಕೋಣೆಯಲ್ಲಿದ್ದ ಎಲ್ಲರಿಗೂ ಅದು ಕೇಳಿಸಿತು. ಪದ್ಧತಿಯ ಪ್ರಕಾರ ವಾಸುವಿಗೆ ಮಾತ್ರ ಕೇಳಿಸಲಿಲ್ಲ. ಅವನು ಚಂದ್ರಿಕಾಳ ಮುಖ ನೋಡುತ್ತ ಕಾದ. ಚಂದ್ರಿಕಾ ಉಪ್ಪಿಟ್ಟಿನ ತಟ್ಟೆಯನ್ನು ನೋಡುತ್ತ ನಿಂತಳು. ತಿಂಗಳ ಕೊನೆಯ ಶನಿವಾರಕ್ಕೆ ಮೂರೇ ದಿನವಿದ್ದಾಗ ಆ ಮಾತನ್ನು ಗಂಡನಿಗೆ ಒಪ್ಪಿಸುವ ಧೈರ್ಯ ಅವಳಿಗಿರಲಿಲ್ಲ. ಕೊನೆಗೆ ಸಿದ್ದಲಿಂಗಪ್ಪನವರೇ ಗಂಟಲು ಸರಿಮಾಡಿಕೊಂಡರು.

"ವಾಸು ಅವರ, ನಿಮ್ಮ ಅತ್ತಿಯವರು ಹೇಳಾಕತ್ತಾರ, ನಾಯಿ ಕುಂತದ್ದು ಇಂಗಿಗಂತ."

"ಯಾವ ಇಂಗು ಅಂತ ಕೇಳಿ ಅವರನ್ನ!"

"ಯಾವ ಇಂಗ್ರೀ ಅಮ್ಮಾರ?"

"ಮಜ್ಜಿಗೇಲಿ ಕದಡಿ ಹಾಕಿದ್ದು. ಮರಕ್ಕೆ ರೋಗ ಬಂದಿತ್ತು ಅಂತ ಹೇಳಿ."

"ಮಜ್ಜಿಗಿಯೊಳಗ..."

"ಕೇಳಿಸ್ತು!" ಎಂದು ವಾಸು ಮೇಜಿಗೆ ಗುದ್ದಿದ. ಉಪ್ಪಿಟ್ಟು ತಟ್ಟೆಯಿಂದ ಎದ್ದು ಕೂತಿತು. "ರೋಗ ಅಲ್ಲ ಅದು, ಬೆಳೆಯ ಗುರುತು ಅಂತ ಹೇಳಿ! ಎಂಟು ವರ್ಷದ ಮೇಲೆ ಬಂದ ಗುರುತು! ಯಾರನ್ನ ಕೇಳಿ ಹಾಕಿದ್ರು ಅಂತ ಕೇಳಿ! ನಮ್ಮ ಮನೇಲಿ ಯಾರಿಗೂ ಬಾಯಿಲ್ವಾ ಅಂತ ಕೇಳಿ!"

ಸಿದ್ದಲಿಂಗಪ್ಪ ಎಲ್ಲಿಂದ ಶುರುಮಾಡುವುದೆಂದು ತೋಚದೆ ಅಡುಗೆಮನೆಯ ಕಡೆ ತಿರುಗಿದರು. ಅವರ ಅಗತ್ಯ ಬೀಳಲಿಲ್ಲ. ವೇದವತಮ್ಮ ಬಾಗಿಲು ದಾಟಿ ಬಂದರು. ಸೆರಗು ಸರಿಮಾಡಿಕೊಂಡು ಅಳಿಯನ ಎದುರಿಗೇ ನಿಂತರು. ಚಂದ್ರಿಕಾ "ಅಮ್ಮಾ" ಎಂದದ್ದು ಯಾರಿಗೂ ಕೇಳಿಸಲಿಲ್ಲ.

"ಬಾಯಿ ಇದೆ ವಾಸು. ಇಪ್ಪತ್ತೆರಡು ವರ್ಷದಿಂದ ಮುಚ್ಚಿಟ್ಟಿದ್ದೆ. ನಿಮ್ಮ ಮಗಳ ಕೈಲಿ ಹೇಳಿಸಿದೆ, ಫ್ರಿಜ್ಜಿನಲ್ಲಿಡಿ ಅಂದ್ರಿ. ಅರವತ್ತು ಮರಕ್ಕೆ ಬಗ್ಗಿ ಬಗ್ಗಿ ಹಾಕಿದ್ದೀನಿ, ಈ ಸೊಂಟ ನೋಡಿ. ನಿಮ್ಮ ಹೊಲ ಹಾಳಾಗ್ಲಿ ಅಂತ ಹಾಕಿದ್ನಾ? ಬೋಳು ನೆಲ ನೋಡಿ ಸಂತೋಷ ಪಡಬೇಕು ಅಂತ ನಂಗೆ ಕನಸು ಬೀಳುತ್ತಾ? ಒಂದು ಮಾತು ಮನೇಲಿ ಹೇಳಿದ್ದಿದ್ರೆ ಆಗಿತ್ತು. ನಿಮಗೆ ಕೂಗೋದು ಬರುತ್ತೆ, ಹೇಳೋದು ಬರಲ್ಲ."

ಪ್ರತೀಕ್ಷಾ ಎರಡೂ ಇಯರ್‌ಫೋನ್ ತೆಗೆದಿದ್ದಳು. "ಗೋ, ಅಜ್ಜಿ," ಎಂದಳು.

ಇನ್ನು ಉಳಿದದ್ದು ಕ್ಷಮೆ. ಅದನ್ನೂ ವಾಸು ಕೇಳಿದ, ಕೇಳಲಿಲ್ಲವೆಂದು ಹೇಳುವಂತಿಲ್ಲ. "ತಪ್ಪಾಯ್ತು!" ಎಂದು ಕೂಗಿದ.

"ಇದು ಕ್ಷಮೆ ಕೇಳುವ ಸ್ವರವಾ?" ಡೊನಾಲ್ಡ್ ಎದ್ದರು.

"ತಪ್ಪಾಯ್ತು ಅಂದ್ನಲ್ಲ! ಇನ್ನೇನು ಹಾಡಬೇಕಾ?"

"ಬೇಡ ಮಾರಾಯ್ರೇ. ನಾನು ಶನಿವಾರ ಆರಡಿ ಎತ್ತರದ ಬೇಲಿ ಹಾಕುವವ. ನಿಮ್ಮ ಮುಖವೂ ಬೇಡ, ಕ್ಷಮೆಯೂ ಬೇಡ. ಬೆಲ್ಲಾ, ನಡಿ." ಉಪ್ಪಿಟ್ಟನ್ನು ಮಾತ್ರ ಮುಗಿಸಿ ಹೋದರು. ಅದು ಚಂದ್ರಿಕಾಳ ಮೇಲಿನ ಗೌರವ ಎಂದು ಬೆಲ್ಲಾ ಬಾಗಿಲಲ್ಲಿ ನಿಂತು ಸ್ಪಷ್ಟಪಡಿಸಿದರು.

ವಾಸು ಕ್ಯಾರೊಲಿನ್‌ಗೆ ಫೋನು ಮಾಡಿದ. ಆಕೆಯೂ ಸಿಟ್ಟಿನಲ್ಲಿದ್ದಳು. ಬಿಸ್ಕೆಟ್ ಅಂದಿನಿಂದ ಸೀನುತ್ತಿದೆ, ಯಾವುದನ್ನು ಮೂಸಿದರೂ ಕೂರುತ್ತದೆ, ಟೋಸ್ಟರಿನ ಮುಂದೆಯೂ ಕೂರುತ್ತದೆ; ನಾಲ್ಕೈದು ಒಳ್ಳೆಯ ಮಳೆ ಬಿದ್ದು ಮಣ್ಣು ತೊಳೆಯುವವರೆಗೆ ಯಾವ ನಾಯಿಯನ್ನೂ ಆ ಹೊಲಕ್ಕೆ ತರಬಾರದು ಎಂದಳು. ವರ್ಷವೆಲ್ಲ ಬೇಡವೆಂದರೂ ಸುರಿಯುವ ಲಂಡನ್ನಿನಲ್ಲಿ ಆ ವಾರ ಒಂದು ಹನಿ ಬೀಳಲಿಲ್ಲ. ವಾಸು ಅದಕ್ಕೂ ಯಾರನ್ನಾದರೂ ಬೈಯಬೇಕೆಂದಿದ್ದ. ಆಕಾಶ ಮಾತ್ರ ಸಿಕ್ಕಿತು.

ಶನಿವಾರ ಬೆಳಿಗ್ಗೆ ಮಿಸೆಸ್ ಆಶ್‌ಡೌನ್ ಬಂದಾಗ ವಾಸು ಕೈಕರಣೆ ಹಿಡಿದು ಮರದಿಂದ ಮರಕ್ಕೆ ಮಂಡಿಗಾಲಲ್ಲಿ ತೆವಳುತ್ತಿದ್ದ. ಸುತ್ತ ಇಲಿ ಕೆದಕಿದಂತೆ ಗುಂಡಿಗಳು. ಚಂದ್ರಿಕಾ, ವೇದವತಮ್ಮ ಹಿಂದಿನಿಂದ ಅವುಗಳನ್ನು ಮುಚ್ಚುತ್ತ ಬರುತ್ತಿದ್ದರು. ಸಿಕ್ಕಿದ್ದು ಸುಣ್ಣಕಲ್ಲು, ಎರೆಹುಳ, ಯಾವುದೋ ಕಾಲದ ಒಂದು ಚಮಚ. ಬೇಲಿಯ ಆಚೆ ಡೊನಾಲ್ಡ್ ಹೇಳಿದಂತೆಯೇ ಎತ್ತರದ ಬೇಲಿಯ ಕಂಬಗಳಿಗೆ ಗುಂಡಿ ತೋಡುತ್ತಿದ್ದರು. ಒಂದೊಂದು ಹಾರೆಯೇಟಿಗೂ ಈಚೆ ಒಮ್ಮೆ ದುರುಗುಟ್ಟಿ ನೋಡುತ್ತಿದ್ದರು. ಆದ್ದರಿಂದ ಕೆಲಸ ನಿಧಾನವಾಗಿತ್ತು.

"ಮಿಸ್ಟರ್ ವಾಸು, ಆಯಿತೇ?" ಎಂದರು ಮಿಸೆಸ್ ಆಶ್‌ಡೌನ್.

"ಐದು ನಿಮಿಷ ಮೇಡಂ."

"ಎಂಟು ವರ್ಷ ಐದು ನಿಮಿಷ," ಎಂದು ಅವರು ಗಡಿಯಾರ ನೋಡಿಕೊಂಡರು. ಗೇಟಿನ ಬಳಿ ಕುದುರೆಯವನ ಜೀಪೂ ಬಂದು ನಿಂತಿತ್ತು. ಅವನು ಇಳಿದು, ಮರಗಳ ದಪ್ಪವನ್ನು ಕಣ್ಣಲ್ಲೇ ಅಳೆಯತೊಡಗಿದ.

ಆಗ ಬೇಲಿಯಾಚೆ ಬೆಲ್ಲಾ, "ಡಾನಿ, ಇದೆಂತ? ಕರಿ ಬಟಾಟೆಯಾ?" ಎಂದರು.

ಡೊನಾಲ್ಡ್ ಬಗ್ಗಿ ಗುಂಡಿಯಿಂದ ಅದನ್ನು ಎತ್ತಿದರು. ಹೆಬ್ಬೆರಳಿನಿಂದ ಮಣ್ಣು ಒರೆಸಿದರು. ನಿಂಬೆಹಣ್ಣಿನ ಗಾತ್ರ, ಕಪ್ಪು, ಮೈತುಂಬ ಗುಳ್ಳೆಯಂಥ ಗಂಟುಗಳು. ಹೇಜಲ್ಲಿನ ಬೇರಿಗೆ ಲೀಸಿನ ಗಡಿ ಗೊತ್ತಿರುವುದಿಲ್ಲ. ಅಂಚಿನ ಮರವೊಂದರ ಬೇರು ಮಾರುದ್ದ ಆಚೆ ಹೋಗಿ, ವೇದವತಮ್ಮನ ಮಜ್ಜಿಗೆ ತಲುಪದ ಜಾಗದಲ್ಲಿ ಕೆಲಸ ಮುಗಿಸಿತ್ತು. ಡೊನಾಲ್ಡ್ ಅವರಿಗೆ ಅದು ಏನೆಂದು ಯಾರೂ ಹೇಳಬೇಕಿರಲಿಲ್ಲ. ಎಂಟು ವರ್ಷ ಅದೇ ಬೇಲಿಯ ಪಕ್ಕ ಅದರ ವರ್ಣನೆ ಕೇಳಿದ್ದರು. ಅವರು ತಲೆಯೆತ್ತಿದಾಗ ವಾಸು ಬೇಲಿ ಹಿಡಿದು ನಿಂತಿದ್ದ.

"ನನ್ನದು!"

"ನನ್ನ ಗುಂಡಿಯಲ್ಲಿ ಸಿಕ್ಕಿದ್ದು."

"ಬೇರು ನನ್ನ ಮರದ್ದು!"

"ಹಾಗಾದರೆ ನಿಮ್ಮ ಬೇರನ್ನು ಮನೆಗೆ ಕರಕೊಂಡು ಹೋಗಿ. ನನ್ನ ನೆಲದಲ್ಲಿ ಅದಕ್ಕೆ ಎಂತ ಕೆಲಸ?"

"ನೋಡಿದ್ಯಾ ಚಂದ್ರಿ! ನಾನು ಹೇಳಿದ್ದೇನು? ಟ್ರಫಲ್ ಇವರ ಹತ್ರಾನೇ ಇತ್ತು! ಬುಧವಾರ ನಾನು ಸುಮ್ಮಸುಮ್ಮನೆ ಕ್ಷಮೆ ಕೇಳಿದೆ!"

ಡೊನಾಲ್ಡ್ ಟ್ರಫಲ್ಲನ್ನು ಮತ್ತೆ ಗುಂಡಿಗಿಟ್ಟು, ಬೂಟಿನಿಂದ ಅದರ ಮೇಲೆ ಮಣ್ಣು ದೂಡತೊಡಗಿದರು.

"ರೀ!" ಚಂದ್ರಿಕಾ ಗಂಡನ ತೋಳು ಹಿಡಿದು ಜಗ್ಗಿದಳು.

ವೇದವತಮ್ಮ ಈಗ ಮಾತು ಆರಂಭಿಸಿದವರು, ನಿಲ್ಲಿಸುವಂತಿರಲಿಲ್ಲ. "ವಾಸು, ಕುದುರೆಯವನು ಟೇಪು ಹಿಡಿದು ಮರ ಅಳೀತಾ ಇದ್ದಾನೆ. ನಿಮಗೆ ಮರ ಬೇಕೋ, ಕೋಪ ಬೇಕೋ? ಎರಡೂ ಒಂದೇ ಎಕರೆಯಲ್ಲಿ ಬೆಳೆಯಲ್ಲ."

ವಾಸು ತಿರುಗಿ ನೋಡಿದ. ಕುದುರೆಯವನು ನಿಜಕ್ಕೂ ಒಂದು ಹೇಜಲ್ಲಿಗೆ ಟೇಪು ಸುತ್ತುತ್ತಿದ್ದ. ಮುಂದೆ ಅವನು ಮಾಡಿದ್ದನ್ನು ಕಣ್ಣಾರೆ ಕಂಡ ಐವರೂ ಒಂದೇ ರೀತಿ ವರದಿ ಮಾಡುತ್ತಾರೆ: ಅವನು ಧ್ವನಿ ತಗ್ಗಿಸಿದ.

"ಡೊನಾಲ್ಡ್ ಅವರೇ. ಕಳ್ಳ ಅಂದೆ. ಅನ್ನಬಾರದಿತ್ತು. ನೀವು ಕದ್ದಿಲ್ಲ. ಅದನ್ನ... ಒಂದು ನಿಮಿಷ ಕೊಡ್ತೀರಾ? ಆಯಮ್ಮಂಗೆ ತೋರಿಸಿ ವಾಪಸ್ ಕೊಡ್ತೀನಿ."

ಡೊನಾಲ್ಡ್ ಬೂಟು ನಿಲ್ಲಿಸಿದರು. "ಬೆಲ್ಲಾ, ಕೇಳಿತಾ?"

"ಸ್ವಲ್ಪ ಸಣ್ಣಕ್ಕೆ ಕೇಳಿತು," ಎಂದರು ಬೆಲ್ಲಾ.

"ಸಣ್ಣಕ್ಕೆ ಹೇಳಿದ್ದೇ ಸಾಕು. ಇವರ ದೊಡ್ಡ ಸ್ವರ ನಾವು ಬೇಕಾದಷ್ಟು ಕೇಳಿದ್ದೇವೆ." ಬಗ್ಗಿ ಟ್ರಫಲ್ಲನ್ನು ಎತ್ತಿ, ಅಂಗಿಗೆ ಉಜ್ಜಿ, ಹಳೆಯ ಬೇಲಿಯ ಮೇಲಿಂದ ಕೈ ಚಾಚಿದರು. ಇನ್ನೂ ಮುಖ ಗಂಟು ಹಾಕಿಕೊಂಡೇ ಇತ್ತು. "ತೆಕ್ಕೊಳ್ಳಿ. ನಿಮ್ಮ ಮೇಲಿನ ಪ್ರೀತಿಗಲ್ಲ. ಪಕ್ಕದಲ್ಲಿ ಕುದುರೆ ಬಂದರೆ ನನ್ನ ಬಸಳೆ ಉಳಿಯುವುದಿಲ್ಲ."

ವಾಸು ಎರಡೂ ಅಂಗೈ ಜೋಡಿಸಿ ಒಡ್ಡಿದ. ಎರಡು ಕೈಗಳ ನಡುವೆ ಮೂರನೆಯ ಕೈಯೊಂದು, ಉಣ್ಣೆಯ ಕೈಗವಸು ತೊಟ್ಟದ್ದು, ಬಂದು ಟ್ರಫಲ್ಲನ್ನು ತೆಗೆದುಕೊಂಡಿತು.

ಮಿಸೆಸ್ ಆಶ್‌ಡೌನ್ ಅದನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ.

"ಇದು ಯಾರ ಮರದ್ದು?"

"ನನ್ನದು ಮೇಡಂ," ಎಂದ ವಾಸು.

"ಯಾರ ಗುಂಡಿಯಲ್ಲಿ ಸಿಕ್ಕಿತು?"

"ನನ್ನದರಲ್ಲಿ," ಎಂದರು ಡೊನಾಲ್ಡ್.

"ನೆಲ ಯಾರದು?"

ಇಬ್ಬರೂ ಉತ್ತರ ಕೊಡಲು ಬಾಯಿ ತೆರೆದು, ಉತ್ತರ ನೆನಪಾಗಿ ಮುಚ್ಚಿದರು.

"ಅದೇ," ಎಂದು ಮಿಸೆಸ್ ಆಶ್‌ಡೌನ್ ಟ್ರಫಲ್ಲನ್ನು ಕೋಟಿನ ಜೇಬಿಗೆ ಇಳಿಬಿಟ್ಟು ಗುಂಡಿ ಹಾಕಿದರು. "ರಾತ್ರಿ ಆಮ್ಲೆಟ್ ಮಾಡಿಕೊಳ್ಳುತ್ತೇನೆ. ಬೆಳೆ ಇದೆ ಎಂದು ಒಪ್ಪಿದೆ, ಮಿಸ್ಟರ್ ವಾಸು. ಸೋಮವಾರ ಬನ್ನಿ, ಲೀಸಿಗೆ ಸಹಿ ಹಾಕೋಣ." ಕುದುರೆಯವನಿಗೆ ಕೈಬೀಸಿ ಹೋಗೆಂದು ಸೂಚಿಸಿ, ಗೇಟು ದಾಟಿ, ಕಾರು ಹತ್ತಿದರು.

ಎಂಟು ವರ್ಷದ ಬೆಳೆ ರಸ್ತೆಯ ತಿರುವಿನಲ್ಲಿ ಮರೆಯಾಯಿತು. ವಾಸುವಿಗೆ ಅದನ್ನು ಮುಟ್ಟಿ ನೋಡಲಾಗಲಿಲ್ಲ, ಮೂಸಲಾಗಲಿಲ್ಲ. ಡೊನಾಲ್ಡ್ ಅವರ ಮುಖ ಮೆಲ್ಲನೆ ಬಿಸಿಯೇರುತ್ತ ಬಂತು. ಹಾರೆಯನ್ನು ನೆಲಕ್ಕೆ ಕುಕ್ಕಿದರು.

"ಕಣ್ಣೆದುರೇ ಕೊಂಡುಹೋದಳಲ್ಲ ಮಾರಾಯ್ರೇ! ಇದು ಹಗಲುದರೋಡೆ! ಇವಳನ್ನು ನಾನು..."

ವಾಸು ಬೇಲಿಯ ಮೇಲಿಂದ ಬಾಗಿ ಅವರ ಬಾಯಿಗೆ ಅಂಗೈ ಮುಚ್ಚಿದ.

"ಮೆಲ್ಲಗೆ ಡೊನಾಲ್ಡ್, ಮೆಲ್ಲಗೆ. ಸೋಮವಾರ ಸಹಿ ಆಗ್ಲಿ. ಮಂಗಳವಾರ ಇಬ್ಬರೂ ಸೇರಿ ಕೂಗೋಣ."